ಬಿ.ಕಾಂ. ಓದಿನಿಂದ ಕೈಗೆ ಬರುವುದೇನು?

(ರಾಜ್ಯೋತ್ಸವದ ಅಂಗವಾಗಿ ನಡೆದ ವಿದ್ಯಾರ್ಥಿ ಸತ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣ)



ಹನ್ನೆರಡನೆಯ ತರಗತಿಯನ್ನು ಮುಗಿಸಿದ ನಮ್ಮ ಮಕ್ಕಳಿಗೆ ಬಿ.ಕಾಂ. ಪದವಿಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾನು ಪ್ರಾಧ್ಯಾಪಕನಲ್ಲ, ಪಂಡಿತನೂ ಅಲ್ಲ, ಬ್ಯಾಂಕಿನ ಗುಮಾಸ್ತ. ಆದರೆ ಆ ಪದವಿಯನ್ನು ಓದಿದವನು, ಇಂದು ಅದರ ಅನ್ನವನ್ನೇ ಉಣ್ಣುತ್ತಿರುವವನು. ಅಷ್ಟರ ಮಟ್ಟಿಗೆ ಮಾತನಾಡುವ ಹಕ್ಕು ನನಗುಂಟೆಂದು ಭಾವಿಸುತ್ತೇನೆ.

“ಇಂಜಿನಿಯರಿಂಗಿಗೆ ಸೀಟು ಸಿಗಲಿಲ್ಲ, ಅದಕ್ಕೇ ಕಾಮರ್ಸಿಗೆ ಹಾಕಿದೆವು” ಎಂದು ತಂದೆತಾಯಂದಿರು ಮಕ್ಕಳೆದುರಿಗೇ ಹೇಳುವುದುಂಟು. ಓದು ಆರಂಭವಾಗುವ ಮೊದಲೇ ಮಗುವಿನ ಉತ್ಸಾಹ ಅರ್ಧ ಇಳಿದುಹೋಗುತ್ತದೆ. ಅದರ ಬೆನ್ನಿಗೇ ಬರುವ ಪ್ರಶ್ನೆ, “ಬಿ.ಕಾಂ. ಮಾಡಿದರೆ ಕೆಲಸ ಸಿಗುತ್ತದೆಯೇ?”

ಇದಕ್ಕೆ ಮುಚ್ಚುಮರೆಯಿಲ್ಲದೆ ಉತ್ತರ ಹೇಳುತ್ತೇನೆ. ಪದವಿಯ ಕಾಗದವೊಂದರಿಂದಲೇ ಕೆಲಸ ಸಿಗುವುದಿಲ್ಲ. ನನ್ನಂಥ ಬ್ಯಾಂಕ್ ಗುಮಾಸ್ತರ ಪರೀಕ್ಷೆಗೆ ಯಾವ ಪದವಿಯಾದರೂ ಸಾಕು. ಇತಿಹಾಸ ಓದಿದವನೂ ಕೂರಬಹುದು, ರಸಾಯನಶಾಸ್ತ್ರ ಓದಿದವಳೂ ಕೂರಬಹುದು. ಚಾರ್ಟರ್ಡ್ ಅಕೌಂಟೆಂಟ್ ಆಗಬಯಸುವವರಿಗೆ ಮಾತ್ರ ಕೊಂಚ ಸೌಕರ್ಯವುಂಟು. ಮೊದಲ ಹಂತದ ಪರೀಕ್ಷೆಯಿಲ್ಲದೆ ಎರಡನೆಯ ಹಂತಕ್ಕೆ ನೇರವಾಗಿ ಸೇರಲು ವಾಣಿಜ್ಯ ಪದವೀಧರರಿಗೆ ನೂರಕ್ಕೆ 55 ಅಂಕ ಸಾಕು, ಇತರ ಪದವೀಧರರಿಗೆ 60 ಬೇಕು. ಹಾಗಾದರೆ ಮೂರು ವರ್ಷ ಓದಿ ಪಡೆಯುವುದೇನು? ನನ್ನ ಅನುಭವದಲ್ಲಿ, ಯಾವ ಹಣ ಯಾರದು ಎಂದು ತಿಳಿಯುವ ಕಣ್ಣು.

ಈ ಓದಿಗೂ ನಮ್ಮ ಮುಂಬಯಿಗೂ ಹಳೆಯ ನಂಟು. ಏಷ್ಯದ ಮೊದಲ ವಾಣಿಜ್ಯ ಕಾಲೇಜೆಂದು ಹೆಸರಾದ ಸಿಡನ್‌ಹ್ಯಾಮ್ ಕಾಲೇಜು 1913ರಲ್ಲಿ ಆರಂಭವಾದದ್ದು ಇದೇ ಊರಿನಲ್ಲಿ. ಕರಾವಳಿಯಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು, ಇಲ್ಲಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದರು. ಅಂಥವರಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ಮುಂಜಾನೆ ತರಗತಿ ಮುಗಿಸಿ ಕೆಲಸಕ್ಕೆ ಹೋಗಲು ಅನುಕೂಲವಾಗಿ ಒದಗಿದ್ದು ವಾಣಿಜ್ಯದ ಓದು.

ಇನ್ನು ಪಾಠದ ವಿಷಯಕ್ಕೆ ಬರೋಣ. ಮೊದಲನೆಯದು ಲೆಕ್ಕಶಾಸ್ತ್ರ. ಇಟಲಿಯ ಲೂಕಾ ಪಾಚೋಲಿ ಎಂಬ ಸಂನ್ಯಾಸಿ 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚು ಹಾಕಿಸಿದ ಗಣಿತಗ್ರಂಥದಲ್ಲಿ, ಪ್ರತಿಯೊಂದು ವ್ಯವಹಾರವನ್ನೂ ಎರಡು ಕಡೆ ಬರೆಯುವ ಪದ್ಧತಿಯನ್ನು ವಿವರಿಸಿದ. ಇಂದು ಕಂಪ್ಯೂಟರು ಬರೆದರೂ ಪದ್ಧತಿ ಅದೇ.

ನಮ್ಮವರದೇ ಒಂದು ಹೋಟೆಲನ್ನು ತೆಗೆದುಕೊಳ್ಳಿ. ರಾತ್ರಿ ಬಾಗಿಲು ಹಾಕುವಾಗ ಗಲ್ಲಾ ತುಂಬಿದೆ. ಯಜಮಾನರಿಗೆ ಅದೆಲ್ಲ ಲಾಭವೆಂದೇ ತೋರುತ್ತದೆ. ಆದರೆ ಅದರಲ್ಲಿ ಹಾಲಿನವನ ಬಾಕಿಯಿದೆ, ಹುಡುಗರ ಪಗಾರವಿದೆ, ಗಿರಾಕಿಯಿಂದ ವಸೂಲು ಮಾಡಿ ಸರಕಾರಕ್ಕೆ ಕಟ್ಟಬೇಕಾದ ತೆರಿಗೆಯಿದೆ. ಒಂದು ಲಕ್ಷ ರೂಪಾಯಿಯ ರುಬ್ಬುವ ಯಂತ್ರ ಐದು ವರ್ಷ ಬಾಳುವುದಾದರೆ, ವರ್ಷಕ್ಕೆ 20,000 ರೂಪಾಯಿಯಷ್ಟು ಸವೆಯುತ್ತಿದೆ. ಆ ಸವಕಳಿಯೂ ಖರ್ಚೇ. ಮಗಳ ಮದುವೆಗೆಂದು ಗಲ್ಲಾದಿಂದ ತೆಗೆದ ಹಣವಾದರೋ ಹೋಟೆಲಿನ ಖರ್ಚಲ್ಲ. ಅದನ್ನು ಯಜಮಾನರ ಸ್ವಂತ ಖಾತೆಗೆ ಬರೆಯತಕ್ಕದ್ದು. ಅಂಗಡಿ ಬೇರೆ, ಅಂಗಡಿಯವನು ಬೇರೆ. ಇದನ್ನು ತಿಳಿಯದೆ, ವ್ಯಾಪಾರ ಚೆನ್ನಾಗಿರುವಾಗಲೇ ಸಾಲದಲ್ಲಿ ಮುಳುಗಿದವರುಂಟು.

ಲೆಕ್ಕಶಾಸ್ತ್ರ ಇನ್ನೊಂದು ಎಚ್ಚರವನ್ನೂ ಕಲಿಸುತ್ತದೆ. ರಾಮನ ಖಾತೆಗೆ ಬರೆಯಬೇಕಾದ ಹಣವನ್ನು ಭೀಮನ ಖಾತೆಗೆ ಬರೆದರೂ ಎರಡು ಬದಿಯ ಮೊತ್ತ ಸರಿಯಾಗಿಯೇ ಕೂಡಿಬರುತ್ತದೆ. ತಾಳೆಯಾಯಿತೆಂದ ಮಾತ್ರಕ್ಕೆ ಲೆಕ್ಕ ಸರಿಯಿದೆ ಎಂದಲ್ಲ.

ಎರಡನೆಯದು ಬಡ್ಡಿಯ ಗಣಿತ. ಒಂದು ಲಕ್ಷ ರೂಪಾಯಿ ಸಾಲ, ನೂರಕ್ಕೆ 12ರ ಬಡ್ಡಿ, ಮೂರು ವರ್ಷ. ಒಟ್ಟು 1,36,000 ರೂಪಾಯಿಯನ್ನು 36 ಸಮ ಕಂತುಗಳಲ್ಲಿ ಕಟ್ಟಿ ಎಂದು ಒಬ್ಬರು ಹೇಳುತ್ತಾರೆ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ತಿಂಗಳು ತಿಂಗಳೂ ಅಸಲು ತೀರುತ್ತ ಬರುತ್ತದೆ. ಬಡ್ಡಿ ಮಾತ್ರ ಕೊನೆಯವರೆಗೂ ಇಡೀ ಲಕ್ಷದ ಮೇಲೆ ಬಿದ್ದಿದೆ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿ ನೋಡಿದರೆ ಆ 12 ನಿಜವಾಗಿ 21ಕ್ಕೂ ಮೇಲಾಗುತ್ತದೆ. ಬಿ.ಕಾಂ. ಓದಿದ ಮಗಳು ಇದನ್ನು ಮನೆಯಲ್ಲಿ ಕುಳಿತು ಅರ್ಧ ಗಂಟೆಯಲ್ಲಿ ತಂದೆಗೆ ಬಿಡಿಸಿ ತೋರಿಸಬಲ್ಲಳು.

ಮೂರನೆಯದು ವ್ಯಾಪಾರ ಕಾನೂನು. 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮು ಹೇಳುವುದಿಷ್ಟು: ಬೇರೆ ಕರಾರು ಇಲ್ಲದಿದ್ದರೆ, ಜಾಮೀನು ನಿಂತವನ ಹೊಣೆ ಸಾಲಗಾರನ ಹೊಣೆಯಷ್ಟೇ. “ಮೊದಲು ಅವನನ್ನು ಕೇಳಿ, ಆಮೇಲೆ ನನ್ನ ಬಳಿ ಬನ್ನಿ” ಎನ್ನುವಂತಿಲ್ಲ. ಕೌಂಟರಿನ ಹಿಂದೆ ಕುಳಿತ ನಾನು, ಕೈಯಲ್ಲಿ ನೋಟೀಸು ಹಿಡಿದು ನಿಂತ ಎಷ್ಟೋ ಜಾಮೀನುದಾರರ ಮುಖ ನೋಡಿದ್ದೇನೆ. “ಒಂದೇ ಊರಿನವರು, ಇಲ್ಲ ಎನ್ನಲಾಗದೆ ಸಹಿ ಹಾಕಿದೆ, ಅದು ಬರಿಯ ಸಾಕ್ಷಿಯ ಸಹಿ ಅಂದುಕೊಂಡಿದ್ದೆ” ಎನ್ನುತ್ತಾರೆ. ನಿವೃತ್ತಿ ಕಾಲಕ್ಕೆಂದು ಕೂಡಿಟ್ಟ ಹಣ ಇನ್ನೊಬ್ಬರ ಸಾಲಕ್ಕೆ ಹೋಗುವ ಹೊತ್ತು ಅದು. ಸಹಿ ಹಾಕುವ ದಿನ ಆ ಇಂಗ್ಲಿಷ್ ಕಾಗದವನ್ನು ಓದಿ, ಅದರ ಅರ್ಥವನ್ನು ಕನ್ನಡದಲ್ಲಿ ಹೇಳಬಲ್ಲ ಮಗನೋ ಮಗಳೋ ಆ ಮನೆಯಲ್ಲಿ ಇದ್ದಿದ್ದರೆ!

ಈ ಓದು ಕೊಡಲಾರದ್ದನ್ನೂ ಹೇಳಬೇಕಾದದ್ದು ನ್ಯಾಯ. ಅದು ಯಾರನ್ನೂ ವ್ಯಾಪಾರಿಯನ್ನಾಗಿ ಮಾಡುವುದಿಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿಗೆ ತಳಹದಿ ಹಾಕಿದ ಅಮ್ಮೆಂಬಳ ಸುಬ್ಬರಾವ್ ಪೈಯವರು ವಕೀಲರು. 1925ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕಾದ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಟಿ.ಎಂ.ಎ. ಪೈಯವರು ವೈದ್ಯರು. ಸಾಹಸವನ್ನು ಕಾಲೇಜು ಕಲಿಸಲಾರದು. ಆದರೆ ಆ ಸಾಹಸ ನಿಲ್ಲಲು ಲೆಕ್ಕ ಬೇಕು. 1928ರಲ್ಲಿ ಆರಂಭವಾದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಮನೆಬಾಗಿಲಿಗೆ ಹೋಗಿ ಪಡೆಯುತ್ತಿದ್ದರು. ಕೊಟ್ಟವಳ ಎರಡಾಣೆ ತಪ್ಪದೆ ಅವಳ ಹೆಸರಿಗೇ ಜಮಾ ಆಗುತ್ತದೆಂಬ ನಂಬಿಕೆಯೇ ಅಂಥ ಬ್ಯಾಂಕಿನ ಮೂಲಧನ. ಆ ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಹೋಯಿತು, ಠೇವಣಿದಾರರ ಲೆಕ್ಕ ಮುಂದುವರಿಯಿತು.

ವಿದ್ಯಾರ್ಥಿ ಮಿತ್ರರೇ, ಪರೀಕ್ಷೆಗೆ ಹದಿನೈದು ದಿನವಿರುವಾಗ ಗೈಡು ತಿರುವಿಯೂ ಈ ಪದವಿಯನ್ನು ಪಡೆಯಬಹುದು. ಹಾಗೆ ಪಡೆದರೆ ಕಾಗದ ಮಾತ್ರ ಉಳಿಯುತ್ತದೆ. ಅದರ ಬದಲು ಮೊದಲ ವರ್ಷದಿಂದಲೇ ಪರಿಚಯದವರ ಅಂಗಡಿಯ ಲೆಕ್ಕ ಬರೆಯಿರಿ. ಮನೆಯ ಸಾಲದ ಪತ್ರ, ವಿಮೆಯ ಪತ್ರಗಳನ್ನು ಬಿಚ್ಚಿ ಓದಿ, ತಿಳಿಯದ್ದನ್ನು ಗುರುಗಳಲ್ಲಿ ಕೇಳಿ. ನಮ್ಮ ಸಂಘದ ಜಮಾಖರ್ಚು ಸರ್ವಸಾಧಾರಣ ಸಭೆಯಲ್ಲಿ ಹಂಚಲಾಗುತ್ತದೆ. ಅದನ್ನು ಓದಿ ಪ್ರಶ್ನೆ ಹಾಕಿ. ಪದಾಧಿಕಾರಿಗಳು ಕೋಪಿಸಿಕೊಳ್ಳಲಾರರು ಎಂದು ನಂಬಿದ್ದೇನೆ.

ತಂದೆತಾಯಂದಿರಲ್ಲಿ ನನ್ನದೊಂದೇ ವಿನಂತಿ. ಮಗ ಬಿ.ಕಾಂ. ಸೇರಿದನೆಂದು ಯಾರಾದರೂ ಕೇಳಿದರೆ ದನಿ ತಗ್ಗಿಸಬೇಡಿ. ನಾಲ್ಕು ಜನರ ಹಣವನ್ನು ನಂಬಿ ಒಪ್ಪಿಸಬಹುದಾದ ಮನುಷ್ಯನಾಗಲು ಅವನು ಹೊರಟಿದ್ದಾನೆ.