ಕಲ್ಮೀಕಿಯದ ಹುಲ್ಲುಗಾವಲಿನಲ್ಲಿ
(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಕಲ್ಮೀಕಿಯಕ್ಕೆ ಹೋಗಿ ಬಂದೆವು ಅಂದಾಗ ನಮ್ಮ ಸಂಘದಲ್ಲಿ ಎಲ್ಲರೂ ಕೇಳಿದ್ದು ಎರಡೇ ಪ್ರಶ್ನೆ. ಅದು ಎಲ್ಲಿದೆ? ಊಟಕ್ಕೆ ಏನು ಮಾಡಿದಿರಿ? ಎರಡಕ್ಕೂ ಉತ್ತರ ಹೇಳುತ್ತೇನೆ.

ರಷ್ಯಾದ ದಕ್ಷಿಣದಲ್ಲಿ, ಕ್ಯಾಸ್ಪಿಯನ್ ಸಮುದ್ರದ ಮಗ್ಗುಲಲ್ಲಿರುವ ಪುಟ್ಟ ಗಣರಾಜ್ಯ ಅದು. ಯುರೋಪಿನ ನೆಲದಲ್ಲಿದ್ದರೂ ಅಲ್ಲಿನ ಕಲ್ಮೀಕರು ಮಂಗೋಲ್ ಮೂಲದ ಬೌದ್ಧರು. 17ನೇ ಶತಮಾನದಲ್ಲಿ ಕುದುರೆ, ಕುರಿ, ಒಂಟೆಗಳ ಜೊತೆ ಗುಡಾರ ಕಟ್ಟಿಕೊಂಡು ಮಧ್ಯ ಏಷ್ಯಾದಿಂದ ವೋಲ್ಗಾ ತೀರಕ್ಕೆ ಬಂದ ಅಲೆಮಾರಿಗಳು. 1771ರಲ್ಲಿ ಅವರಲ್ಲಿ ಬಹುಪಾಲು ಜನ ಉಬಾಶಿ ಖಾನನ ಜೊತೆ ಹಳೆಯ ನಾಡಿಗೆ ಮರಳಿ ಹೊರಟರು. ಚಳಿ, ಹಸಿವು, ದಾಳಿಗಳಿಂದ ದಾರಿಯಲ್ಲೇ ಸತ್ತವರು ಎಷ್ಟೋ. ಆ ಚಳಿಗಾಲ ವೋಲ್ಗಾ ನದಿ ಗಟ್ಟಿಯಾಗಿ ಹೆಪ್ಪುಗಟ್ಟಲಿಲ್ಲವಂತೆ. ಪಶ್ಚಿಮ ದಡದಲ್ಲಿದ್ದವರು ದಾಟಲಾಗದೆ ಅಲ್ಲೇ ಉಳಿದರು. ಈಗಿರುವವರು ಅವರ ವಂಶದವರು.

ನಾವು ಹೋದದ್ದು ಏಪ್ರಿಲ್‌ನಲ್ಲಿ. ರಾಜಧಾನಿ ಎಲಿಸ್ತಾ ದಾಟಿದರೆ ಬರೀ ಹುಲ್ಲು. ವಿಜಯಪುರದ ಕಡೆಯ ಎರೆಭೂಮಿ ನೋಡಿ ಬೆಳೆದ ನನಗೆ ಬಯಲು ಹೊಸದಲ್ಲ, ಆದರೂ ಆ ಬಯಲು ಬೇರೆಯೇ. ದಾರಿಗೊಂದು ಬೇವಿನ ಮರವೂ ಇಲ್ಲ. ಒಂಟಿ ಪಾಪ್ಲರ್ ಮರವೊಂದಿದೆ, ಅದೇ ಯಾತ್ರಾಸ್ಥಳ! 19ನೇ ಶತಮಾನದಲ್ಲಿ ಒಬ್ಬ ಭಿಕ್ಷು ನೆಟ್ಟದ್ದು ಎಂದು ಹೇಳುತ್ತಾರೆ. ಮರದ ಸುತ್ತ ಪ್ರಾರ್ಥನೆಯ ಬಟ್ಟೆಗಳು ಗಾಳಿಗೆ ಪಟಪಟ ಅನ್ನುತ್ತಿರುತ್ತವೆ. ಕೆಳಗೆ ನೆಲದ ತುಂಬ ಕಾಡು ಟ್ಯೂಲಿಪ್, ಕೆಂಪು, ಹಳದಿ, ಬಿಳಿ. ಒಂದು ಗೇಣಿನಷ್ಟೇ ಎತ್ತರ. ಕೆಲವೇ ದಿನ ಅರಳಿ ಮುಗಿದುಹೋಗುತ್ತವೆ.

ಇನ್ನು ಊಟ. ಅಲೆಮಾರಿಗಳ ಅಡುಗೆ ಎಂದರೆ ಮಾಂಸವೇ. ಸಸ್ಯಾಹಾರಿಗಳು ಚಟ್ನಿಪುಡಿ, ಅವಲಕ್ಕಿ ಒಯ್ಯಲೇಬೇಕು. ನಮ್ಮನ್ನು ಕಾಪಾಡಿದ್ದು ಜೋಂಬಾ ಎಂಬ ಚಹಾ. ಒತ್ತಿದ ಚಹಾ ಎಲೆಯನ್ನು ಚೆನ್ನಾಗಿ ಕುದಿಸಿ ಹಾಲು, ಬೆಣ್ಣೆ, ಉಪ್ಪು, ಸ್ವಲ್ಪ ಜಾಯಿಕಾಯಿ ಹಾಕುತ್ತಾರೆ. ಚಹಾ ಅಂದುಕೊಂಡು ಕುಡಿದರೆ ಮುಖ ಸಿಂಡರಿಸುತ್ತದೆ; ಸಾರು ಅಂದುಕೊಂಡು ಕುಡಿಯಿರಿ, ಇಷ್ಟವಾಗುತ್ತದೆ. ಜೊತೆಗೆ ಕರಿದ ಹಿಟ್ಟಿನ ಬೋರ್ತ್ಸೋಗ್. ಹಳೆಯ ಕ್ರಮದಲ್ಲಿ ಅದನ್ನು ಕುರಿಯ ಕೊಬ್ಬಿನಲ್ಲಿ ಕರಿಯುತ್ತಿದ್ದರು, ಆದ್ದರಿಂದ ಕೇಳಿಯೇ ತಿನ್ನಿ.

ಎಲಿಸ್ತಾದಲ್ಲಿ 2005ರಲ್ಲಿ ತೆರೆದ ದೊಡ್ಡ ಬುದ್ಧ ಮಂದಿರವಿದೆ. ಅದರ ಸುತ್ತ 17 ಮಂಟಪಗಳಲ್ಲಿ ನಾಗಾರ್ಜುನ, ಆರ್ಯದೇವ, ಶಾಂತಿದೇವ ಮುಂತಾದ ನಾಲಂದಾ ಪಂಡಿತರ ವಿಗ್ರಹಗಳು. ಅಷ್ಟು ದೂರ ಹೋಗಿ ನಮ್ಮವರನ್ನೇ ನೋಡಿದ ಹಾಗಾಯಿತು. ಅಲ್ಲಿ ಒಬ್ಬ ಭಿಕ್ಷು ನಾವು ಕರ್ನಾಟಕದವರೆಂದು ತಿಳಿದು ‘ಮುಂಡಗೋಡ!’ ಎಂದರು. ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದ ಡ್ರೆಪುಂಗ್ ಗೋಮಾಂಗ್ ಮಠದಲ್ಲಿ ಕಲ್ಮೀಕ್ ಹುಡುಗರು ವರ್ಷಗಟ್ಟಲೆ ಓದುತ್ತಾರೆ. ಇವರೂ ಓದಿದವರು. ‘ಊಟ ಆಯ್ತಾ?’ ಎಂದು ಕೇಳಿದರು. ನಮ್ಮ ಯಜಮಾನರಿಗೆ ಕಣ್ಣು ತುಂಬಿತು.

ಮ್ಯೂಸಿಯಂನಲ್ಲಿ ಕಪ್ಪು ಮಖಮಲ್ಲಿನ ಎರಡು ಉದ್ದ ಚೀಲಗಳನ್ನು ಕಂಡೆ. ಮದುವೆಯಾಗದ ಹುಡುಗಿಗೆ ಒಂದು ಜಡೆ. ಮದುವೆಯ ದಿನ ಅದನ್ನು ಬಿಚ್ಚಿ ಎರಡು ಹೆಣೆಯುತ್ತಾರೆ. ಆಮೇಲೆ ಆ ಜಡೆಗಳು ಈ ಚೀಲದೊಳಗೆ. ನಮ್ಮ ಜೊತೆಗಿದ್ದ ಗೈಡ್, ಸುಮಾರು ನಲವತ್ತರ ಹೆಂಗಸು, ‘ನಮ್ಮ ಅಜ್ಜಿಯ ತಾಯಿ ಇದನ್ನು ಸೈಬೀರಿಯಾಕ್ಕೂ ಒಯ್ದಿದ್ದಳು’ ಎಂದಳು.

ಸೈಬೀರಿಯಾದ ಕಥೆ ಹೇಳಲೇಬೇಕು. 1943ರ ಡಿಸೆಂಬರ್ 28ರ ಬೆಳಗ್ಗೆ ಸ್ಟಾಲಿನ್ ಸರ್ಕಾರದ ಸೈನಿಕರು ಮನೆಮನೆಗೆ ಬಂದರು. ಜರ್ಮನರಿಗೆ ನೆರವಾದರೆಂಬ ಆರೋಪ ಇಡೀ ಜನಾಂಗದ ಮೇಲೆ. 93,000ಕ್ಕೂ ಹೆಚ್ಚು ಜನರನ್ನು ದನ ಸಾಗಿಸುವ ರೈಲು ಡಬ್ಬಿಗಳಲ್ಲಿ ತುಂಬಿ ಕಳಿಸಿದರು. ಜರ್ಮನರ ವಿರುದ್ಧವೇ ಹೋರಾಡುತ್ತಿದ್ದ ಕಲ್ಮೀಕ್ ಸೈನಿಕರನ್ನೂ ಬಿಡಲಿಲ್ಲ. ಗಣರಾಜ್ಯವನ್ನೇ ರದ್ದು ಮಾಡಿದರು. ಹಿಂತಿರುಗಲು ಅವಕಾಶವಾದದ್ದು 1957ರ ಹೊತ್ತಿಗೆ. ಅಷ್ಟರಲ್ಲಿ ಎಷ್ಟೋ ಹಸುಗೂಸುಗಳು, ಮುದುಕರು ಸತ್ತಿದ್ದರು. ಬದುಕಿ ಬಂದ ಮಕ್ಕಳ ಬಾಯಲ್ಲಿ ರಷ್ಯನ್ ಭಾಷೆ ಇತ್ತು.

ಗೈಡ್‌ನ ಅಜ್ಜಿ ಎಂಟು ವರ್ಷದವಳಿದ್ದಾಗ ಹೋದವಳು. ಮರಳಿ ಬಂದು ಮದುವೆಯಾದ ಮೇಲೂ ತನ್ನ ಮಕ್ಕಳ ಜೊತೆ ರಷ್ಯನ್ನಿನಲ್ಲೇ ಮಾತಾಡಿದಳಂತೆ, ಮತ್ತೆ ಯಾರಾದರೂ ಬಂದು ಗುರುತು ಹಿಡಿದಾರೆಂಬ ಭಯಕ್ಕೆ. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸಿದ ನಮಗೆ ಭಾಷೆ ಜಾರುವ ಸಂಕಟ ಗೊತ್ತು. ಆದರೆ ನಾವು ಕೆಲಸ, ಮದುವೆ ಎಂದು ಊರು ಬಿಟ್ಟವರು. ಅವರು ಬಂದೂಕಿಗೆ ಹೆದರಿ ಬಿಟ್ಟವರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಸರಿ ಕಾಣುವುದಿಲ್ಲ.

ಚಹಾ ಕೊಡುವಾಗ ಹಿರಿಯರು ಹರಸುವ ಪದ್ಧತಿ ಅಲ್ಲಿದೆ. ಅದಕ್ಕೆ ಯೊರಾಲ್ ಎನ್ನುತ್ತಾರೆ. ಕೊನೆಯ ದಿನ ಗೈಡ್ ತನ್ನ ಮನೆಯಲ್ಲಿ ಬಟ್ಟಲಿಗೆ ಜೋಂಬಾ ಸುರಿದು, ಮೊಬೈಲ್ ತೆಗೆದು ಅಜ್ಜಿಯ ದನಿಯಲ್ಲಿ ಯೊರಾಲ್ ಕೇಳಿಸಿದಳು. ಅರ್ಥ ಕೇಳಿದೆವು. ‘ಎಲ್ಲರೂ ಚೆನ್ನಾಗಿರಲಿ ಅನ್ನುತ್ತಾಳೆ. ನಡುವೆ ಎರಡು ಮಾತು ನನಗೂ ತಿಳಿಯುವುದಿಲ್ಲ. ಕೇಳೋಣವೆಂದರೆ ಅಜ್ಜಿ ಇಲ್ಲ’ ಎಂದಳು. ಅವಳ ಮಗಳು ಈಗ ಶಾಲೆಯಲ್ಲಿ ಕಲ್ಮೀಕ್ ಕಲಿಯುತ್ತಿದ್ದಾಳೆ. ಆ ಎರಡು ಮಾತನ್ನು ಕಾಗದದ ಮೇಲೆ ಬರೆದು ಟೀಚರಿಗೆ ಕಳಿಸಿದ್ದಾಳಂತೆ.

ಹೋಗುವ ಮನಸ್ಸಿದ್ದವರು ಏಪ್ರಿಲ್ ನಡುಭಾಗ ನೋಡಿಕೊಳ್ಳಿ. ವೀಸಾ ವಿಷಯ ಕಾಫಿ ವೇಳೆಗೆ ಹೇಳುತ್ತೇನೆ.