ಯಂತ್ರ ಅಳೆಯುತ್ತೆ, ಉತ್ತರ ಕೊಡೋರು ಯಾರು?

ಮಂಗಳೂರಿನ ಬಿಕರ್ನಕಟ್ಟೆ ದಾಟಿ ಮುಂದೆ ಹೋದ್ರೆ ಕುಲಶೇಖರದ ನಂದಿನಿ ಡೇರಿ. ಅಲ್ಲಿಗೆ ಹಾಲು ಬರೋದು ಹಳ್ಳಿಗಳ ಸಹಕಾರ ಸಂಘಗಳಿಂದ. ಈಗ ಅನೇಕ ಸಂಘಗಳಲ್ಲಿ ಯಂತ್ರವೇ ಹಾಲು ತೂಗಿ, ಫ್ಯಾಟ್ ಅಳೆದು, ಚೀಟಿ ಕೊಡುತ್ತೆ. ಕೆಲಸ ಬೇಗ ಆಯ್ತು. ಆದ್ರೆ ಇವತ್ತು ಫ್ಯಾಟ್ ಯಾಕೆ ಕಮ್ಮಿ ಅಂತ ಹಾಲು ತಂದವರು ಕೇಳಿದ್ರೆ ಚೀಟಿ ಮಾತಾಡಲ್ಲ. ಮೇವು, ಹಸುವಿನ ಆರೋಗ್ಯ ವಿಚಾರಿಸಿ ವಿವರಿಸೋದು ಸಂಘದ ಸಿಬ್ಬಂದಿ. ಆ ಎರಡು ನಿಮಿಷವನ್ನೂ ಉಳಿಸೋಕೆ ಹೋದ್ರೆ ನಂಬಿಕೆ ಹೋಗುತ್ತೆ.

ಬರೀ ಯಂತ್ರದಿಂದ ಆಗಲ್ಲ ಅನ್ನೋದು ಅಹಮದಾಬಾದಿನ ಕ್ಯಾಲಿಕೋ ಮಿಲ್‌ನಲ್ಲಿ 1953ರಲ್ಲೇ ಗೊತ್ತಾಗಿತ್ತು. ಸ್ವಯಂಚಾಲಿತ ಮಗ್ಗ ಬಂದರೂ ಉತ್ಪಾದನೆ ಏರಿರಲಿಲ್ಲ. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ ಅವರ ಸಲಹೆಯಂತೆ ಸಣ್ಣ ತಂಡಗಳಿಗೆ ಮಗ್ಗಗಳ ಪೂರ್ತಿ ಹೊಣೆ ಕೊಟ್ಟರು. ಉತ್ಪಾದನೆ ಹೆಚ್ಚಿತು, ಬಟ್ಟೆ ಹಾಳಾಗೋದು ಕಮ್ಮಿಯಾಯ್ತು. ಹೊಸ ಯಂತ್ರ ತರುವ ಮೊದಲು, ಅದರ ಮುಂದೆ ನಿಲ್ಲೋರನ್ನ ಒಮ್ಮೆ ಕೇಳಿ.