ದಿನಕ್ಕೊಂದು ಹಾಳೆ, ಏಳೂವರೆ ವರ್ಷ: ಮೊಬೈಲಲ್ಲಿ ತಾಲ್ಮುಡ್ ಓದುವವರು

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಇದನ್ನ ಕೇಳ್ತಿದ್ದೀರಿ ಅಂದ್ಕೊಳ್ತೀನಿ. ಇವತ್ತಿನ ಮಾತು ಹೀಗೇ ಫೋನ್ ಹಿಡ್ಕೊಂಡು, ದಿನಾ ಸ್ವಲ್ಪ ಸ್ವಲ್ಪ ಓದೋ ಜನರ ಬಗ್ಗೆ. ಅವರು ಓದ್ತಿರೋದು ಯಹೂದಿಗಳ ತಾಲ್ಮುಡ್.

ತಾಲ್ಮುಡ್ ಅಂದ್ರೆ ಧರ್ಮಶಾಸ್ತ್ರದ ವಾದ, ಪ್ರತಿವಾದ, ಕಥೆ, ಜಗಳ ಎಲ್ಲಾ ಸೇರಿದ ದೊಡ್ಡ ಸಂಗ್ರಹ. ಹೆಚ್ಚು ಓದೋದು ಬ್ಯಾಬಿಲೋನಿಯಾದಲ್ಲಿ, ಅಂದ್ರೆ ಇವತ್ತಿನ ಇರಾಕ್‌ನಲ್ಲಿ, ಸುಮಾರು ಒಂದೂವರೆ ಸಾವಿರ ವರ್ಷದ ಹಿಂದೆ ರೂಪುಗೊಂಡದ್ದು. ಭಾಷೆ ಅರಾಮಿಕ್, ನಡುನಡುವೆ ಹೀಬ್ರೂ. ಅಚ್ಚಿನ ಪುಟದ ಮಧ್ಯದಲ್ಲಿ ಮೂಲ ಇರುತ್ತೆ. ಒಂದು ಪಕ್ಕ 11ನೇ ಶತಮಾನದ ಫ್ರಾನ್ಸಿನ ಪಂಡಿತ ರಾಶಿ ಬರೆದ ಟೀಕೆ, ಇನ್ನೊಂದು ಪಕ್ಕ ಅವನ ನಂತರದವರ ಟೀಕೆ. ಹಳೇ ಪದ್ಧತಿಯ ಮುದ್ರಣದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕೂಡ ಇರಲ್ಲ. ಪ್ರಶ್ನೆ ಎಲ್ಲಿ ಮುಗೀತು, ಉತ್ತರ ಎಲ್ಲಿ ಶುರುವಾಯ್ತು ಅಂತ ತಿಳಿಯೋಕೆ ಗುರು ಬೇಕು.

ಈಗ ಯೋಚಿಸಿ. ಚಿಕ್ಕವರಿದ್ದಾಗ ಧಾರ್ಮಿಕ ಪಾಠಶಾಲೆಗೆ ಹೋಗದೇ ಇದ್ದವರು ಮೂವತ್ತೈದರಲ್ಲಿ ಇದನ್ನ ಕಲಿಯಬೇಕು ಅಂದ್ರೆ? ಆಫೀಸಲ್ಲಿ ಹತ್ತು ಜನಕ್ಕೆ ಬಾಸ್ ಆಗಿರೋರು ಇಲ್ಲಿ ಅಕ್ಷರಾಭ್ಯಾಸದ ಮಗು ಆಗಬೇಕು. ಹೆಂಗಸರಿಗಂತೂ ಶತಮಾನಗಳ ಕಾಲ ಆ ಪಾಠದ ಕೋಣೆಗೇ ಪ್ರವೇಶ ಇರಲಿಲ್ಲ. ನನ್ನ ಪ್ರಕಾರ ದೊಡ್ಡವರ ಕಲಿಕೆಗೆ ಅಡ್ಡ ಬರೋದು ಬುದ್ಧಿ ಕಡಿಮೆ ಅನ್ನೋದಲ್ಲ. ಸಂಕೋಚ.

ಅಲ್ಲೇ ಇಂಟರ್ನೆಟ್ ಕೆಲಸಕ್ಕೆ ಬಂತು. ಸೆಫಾರಿಯಾ ಅನ್ನೋ ಉಚಿತ ತಾಣವನ್ನ ಲೇಖಕ ಜೋಶುವಾ ಫೋರ್, ಹಿಂದೆ ಗೂಗಲ್‌ನಲ್ಲಿದ್ದ ಬ್ರೆಟ್ ಲಾಕ್‌ಸ್ಪೈಸರ್ ಸೇರಿ ಕಟ್ಟಿದ್ರು. ಯಾವ ವಾಕ್ಯ ಮುಟ್ಟಿದ್ರೂ ಅದಕ್ಕೆ ಸಂಬಂಧಿಸಿದ ಬೈಬಲ್ ಭಾಗ, ಟೀಕೆಗಳು ಪಕ್ಕದಲ್ಲಿ ತೆರೆದುಕೊಳ್ಳುತ್ತೆ. ದೊಡ್ಡ ತಿರುವು ಬಂದದ್ದು 2017ರಲ್ಲಿ. ಜೆರುಸಲೇಮಿನ ರಬ್ಬಿ ಆದಿನ್ ಸ್ಟೈನ್‌ಸಾಲ್ಟ್ಸ್ 1965ರಲ್ಲಿ ಶುರುಮಾಡಿ 2010ರಲ್ಲಿ ಮುಗಿಸಿದ ತಾಲ್ಮುಡ್ ವಿವರಣೆ ಆ ವರ್ಷ ಇಂಗ್ಲಿಷ್, ಹೀಬ್ರೂ ಎರಡರಲ್ಲೂ ಅಲ್ಲಿ ಉಚಿತವಾಗಿ ಬರತೊಡಗಿತು. 45 ವರ್ಷದ ಕೆಲಸ ರೀ ಅದು! ವ್ಯಾಪಾರಕ್ಕಲ್ಲದೆ ಯಾರು ಬೇಕಾದ್ರೂ ಬಳಸಬಹುದು ಅನ್ನೋ ಪರವಾನಗಿಯ ಜೊತೆಗೆ.

ನಾನು ಅದನ್ನ ತೆರೆದು ನೋಡಿದಾಗ ಇಂಗ್ಲಿಷಲ್ಲಿ ಕೆಲವು ಪದ ದಪ್ಪಕ್ಷರ, ಕೆಲವು ಸಾದಾ. ದಪ್ಪಕ್ಷರದ್ದು ಮಾತ್ರ ಮೂಲದ ಅನುವಾದ, ಉಳಿದದ್ದು ಸ್ಟೈನ್‌ಸಾಲ್ಟ್ಸ್ ಸೇರಿಸಿದ ವಿವರಣೆ. ನಮ್ಮ ಗಮಕ ಕಾರ್ಯಕ್ರಮದಲ್ಲಿ ಒಬ್ಬರು ಕುಮಾರವ್ಯಾಸನ ಪದ್ಯ ವಾಚಿಸ್ತಾರೆ, ಪಕ್ಕದಲ್ಲಿ ಕೂತವರು ವ್ಯಾಖ್ಯಾನ ಮಾಡ್ತಾರಲ್ಲ, ಹಾಗೆ. ದಪ್ಪಕ್ಷರವನ್ನಷ್ಟೇ ಓದಿ ನೋಡಿ, ಅರ್ಧ ವಾಕ್ಯ ಗಾಳಿಯಲ್ಲಿ ನಿಂತಿರುತ್ತೆ. ಓದಿಸಿಕೊಂಡು ಹೋಗೋದು ಆ ಸಾದಾ ಅಕ್ಷರವೇ. ಆದ್ರೆ ಅದು ಒಬ್ಬರ ವ್ಯಾಖ್ಯಾನ ಅನ್ನೋದು ನೆನಪಿರಬೇಕು.

ಪಠ್ಯ ಸಿಕ್ತು, ಸರಿ. ದಿನಾ ಓದಿಸೋರು ಯಾರು? ಇದಕ್ಕೆ ಉಪಾಯ ಇಂಟರ್ನೆಟ್‌ಗಿಂತ ತುಂಬಾ ಹಳೇದು. 1923ರಲ್ಲಿ ವಿಯೆನ್ನಾದ ಒಂದು ಸಮ್ಮೇಳನದಲ್ಲಿ ಪೋಲೆಂಡಿನ ರಬ್ಬಿ ಮೇಯರ್ ಶಪಿರೊ ಒಂದು ಸಲಹೆ ಕೊಟ್ಟರು: ಜಗತ್ತಿನ ಯಹೂದಿಗಳೆಲ್ಲ ಒಂದೇ ದಿನ ಒಂದೇ ಹಾಳೆ ಓದಲಿ. ಹೆಸರು ದಾಫ್ ಯೋಮಿ, ಅಂದ್ರೆ ದಿನದ ಹಾಳೆ. ಒಟ್ಟು 2711 ದಿನ, ಹತ್ತಿರ ಹತ್ತಿರ ಏಳೂವರೆ ವರ್ಷ. ಈ ನಿಗದಿತ ಪುಟದ ಮೇಲೆ ಈಗ ಹತ್ತಾರು ಪಾಡ್‌ಕಾಸ್ಟ್‌ಗಳಿವೆ. ಮೈ ಜ್ಯೂಯಿಷ್ ಲರ್ನಿಂಗ್ ಅನ್ನೋ ತಾಣ ಆ ದಿನದ ಹಾಳೆಯಿಂದ ಒಂದು ವಿಷಯ ಎತ್ತಿಕೊಂಡು ಚಿಕ್ಕ ಇಮೇಲ್ ಕಳಿಸುತ್ತೆ. ಮೊದಲ ಸಲ ಓದೋರಿಗೆ ನಾನಾದ್ರೆ ಅದನ್ನೇ ಹೇಳ್ತೀನಿ.

ಇಸ್ರೇಲಿನಲ್ಲಿ ಮಿಶೆಲ್ ಕೋಹೆನ್ ಫಾರ್ಬರ್ ಅನ್ನೋ ಶಿಕ್ಷಕಿ ದಿನಾ ಪಾಠ ಮಾಡಿ ಅದರ ಧ್ವನಿಮುದ್ರಣ ಹಾಕ್ತಾರೆ. ಅವರ ಸಂಸ್ಥೆ ಹದ್ರಾನ್. ಒಂದು ಗ್ರಂಥ ಓದಿ ಮುಗಿಸಿದವರು ಆ ಗ್ರಂಥಕ್ಕೇ 'ಮತ್ತೆ ನಿನ್ನ ಹತ್ರ ಬರ್ತೀವಿ' ಅಂತ ಹೇಳೋ ಮಾತು ಅದು. 2020ರ ಜನವರಿಯಲ್ಲಿ ಒಂದು ಸುತ್ತು ಮುಗಿದಾಗ ಹದ್ರಾನ್ ಜೆರುಸಲೇಮಿನಲ್ಲಿ ಸಮಾರಂಭ ಮಾಡಿತು. ಸಾವಿರಾರು ಹೆಂಗಸರು ಬಂದಿದ್ರು. ಅಡುಗೆಮನೆಯಲ್ಲಿ ಪಾತ್ರೆ ತೊಳೀತಾ ಪಾಠ ಕೇಳಬಹುದು, ಯಾರ ಅನುಮತಿಯೂ ಬೇಡ. ಕೋಣೆಯ ಬಾಗಿಲು ಕಾಯೋರಿಗೆ ಇದನ್ನ ತಡೆಯೋಕಾಗಲ್ಲ.

ಒಂದು ವಿಷಯದಲ್ಲಿ ಮಾತ್ರ ಫೋನ್ ಸೋಲುತ್ತೆ ಅನ್ಸುತ್ತೆ ನಂಗೆ. ತಾಲ್ಮುಡ್ ಓದೋ ಪದ್ಧತಿಯೇ ಜೋಡಿಯಾಗಿ ಕೂತು, ಗಟ್ಟಿಯಾಗಿ ಓದಿ, ಎದುರಿನವರ ಜೊತೆ ಜಗಳ ಆಡೋದು. ಅದಕ್ಕೆ ಖವ್ರೂತಾ ಅಂತಾರೆ. ಪಾಡ್‌ಕಾಸ್ಟ್ ಜೊತೆ ಜಗಳ ಆಡೋಕಾಗುತ್ತಾ? ಅದಕ್ಕೇ ಈಗ ಎಷ್ಟೋ ಜನ ವಿಡಿಯೋ ಕಾಲ್‌ನಲ್ಲಿ, ಬೇರೆ ಬೇರೆ ದೇಶದಲ್ಲಿ ಕೂತು ಜೋಡಿ ಮಾಡ್ಕೊಂಡಿದ್ದಾರೆ. ನಮ್ಮಲ್ಲಿ ವಚನ ಸಂಚಯ ತಾಣದಲ್ಲಿ ಸಾವಿರಾರು ವಚನ ಹುಡುಕಿ ಓದಬಹುದು. ಅದನ್ನ ಎದುರುಬದುರು ಕೂತು 'ಇಲ್ಲ, ಇದರರ್ಥ ಅದಲ್ಲ' ಅನ್ನೋ ಗೆಳೆಯರು ಎಷ್ಟು ಜನಕ್ಕಿದ್ದಾರೆ?

ಲೆಕ್ಕದ ಪ್ರಕಾರ 14ನೇ ಸುತ್ತು ಮುಗಿಯೋದು 2027ರ ಜೂನ್ 7ಕ್ಕೆ. ಜೂನ್ 8ರ ಬೆಳಿಗ್ಗೆ ಎಲ್ಲರೂ ಮತ್ತೆ ಮೊದಲ ಗ್ರಂಥ ಬೆರಾಖೋತ್ ತೆಗೀತಾರೆ. ಅದು ಶುರುವಾಗೋದೇ ಎರಡನೇ ಹಾಳೆಯಿಂದ. ಒಂದನೇ ಹಾಳೆ ಯಾವ ಗ್ರಂಥದಲ್ಲೂ ಇಲ್ಲ. ಅಲ್ಲಿ ಕಾಣೋ ಮೊದಲ ಪ್ರಶ್ನೆ: ಸಂಜೆಯ ಪ್ರಾರ್ಥನೆ ಎಷ್ಟು ಹೊತ್ತಿನಿಂದ ಹೇಳಬಹುದು? ಉತ್ತರ ಒಂದೇ ಪುಟದಲ್ಲಿ ಮುಗಿಯಲ್ಲ. ಮುಂದಿನ ವಾರ ಸಿಗೋಣ.